ಅಂಗೈ ಮೇಲಿನ ಕಲ್ಲಿದ್ದಲ ಗಾಡಿ

ಚನ್ನಪಟ್ಟಣದ ಅರಗಿನ ಬಣ್ಣದ ರೈಲನ್ನು ಮಗುವಿನ ಕೈಗೆ ಕೊಟ್ಟು ನೋಡಿರಿ. ಗಾಲಿ ಎಷ್ಟು ದೊಡ್ಡದು, ಡಬ್ಬಿ ಎಷ್ಟು ಉದ್ದ ಎಂಬ ಚಿಂತೆ ಅದಕ್ಕಿಲ್ಲ. ಬಾಯಲ್ಲಿ ಒಮ್ಮೆ "ಚುಕುಬುಕು" ಎಂದರೆ ಸಾಕು, ರೈಲು ಹೊರಟೇ ಹೋಯಿತು. ಆಟಿಕೆಯ ಹಿರಿಮೆಯೇ ಅದು. ಇಲ್ಲದ್ದನ್ನೆಲ್ಲ ಮಗುವಿನ ಕಲ್ಪನೆ ತುಂಬಿಕೊಡುತ್ತದೆ. ಆದರೆ ಇದೇ ರೈಲನ್ನು ನಡುವಯಸ್ಸಿನ ಗೃಹಸ್ಥನೊಬ್ಬ ಕೈಗೆತ್ತಿಕೊಂಡು, ಮೂಗಿನ ಮೇಲೆ ಕನ್ನಡಕವನ್ನೂ ಕಣ್ಣಿಗೆ ಭೂತಗನ್ನಡಿಯನ್ನೂ ಇಟ್ಟುಕೊಂಡು ಕುಳಿತನೆಂದರೆ ಮಾತೇ ಬೇರೆ. ಅವನು ಕಲ್ಪನೆಗೆ ಏನನ್ನೂ ಬಿಡುವವನಲ್ಲ. ಮೊಳೆಯ ತಲೆಯೂ ಅಳತೆಗೆ ಸರಿಯಾಗಿ ಇರಬೇಕು. ಇಂಗ್ಲೆಂಡಿನಲ್ಲಿ ಇಂಥವರ ಸಂಖ್ಯೆ ದೊಡ್ಡದು. ಅವರ ಕೆಲಸವನ್ನು ಕಂಡು "ಎಷ್ಟು ಚೆಂದದ ಆಟಿಕೆ!" ಎಂದವರಿಗೆ ಎರಡನೆಯ ಲೋಟ ಚಹಾ ಸಿಕ್ಕುವುದು ಸಂಶಯ.

ಅವರಲ್ಲಿ ಬಹುಮಂದಿ ಹಿಡಿದಿರುವ ಅಳತೆ ಒಂದಡಿಗೆ ನಾಲ್ಕು ಮಿಲಿಮೀಟರ್. ಅಡಿ ಇಂಗ್ಲಿಷರದು, ಮಿಲಿಮೀಟರ್ ಫ್ರೆಂಚರದು. ಎರಡನ್ನೂ ಒಂದೇ ಗಾಣಕ್ಕೆ ಕಟ್ಟಿದ ಈ ವಿಚಿತ್ರ ಲೆಕ್ಕದ ಪ್ರಕಾರ ಮಾದರಿಯು ನಿಜದ ಗಾಡಿಯ 76ರಲ್ಲಿ ಒಂದು ಪಾಲು. ಆರಡಿಯ ಆಳು 24 ಮಿಲಿಮೀಟರಿನ ಗೊಂಬೆಯಾಗುತ್ತಾನೆ. ಹನ್ನೆರಡು ಟನ್ ಕಲ್ಲಿದ್ದಲು ಹೊರುತ್ತಿದ್ದ ಹದಿನಾರೂವರೆ ಅಡಿಯ ಮರದ ವ್ಯಾಗನ್ನು 66 ಮಿಲಿಮೀಟರಿಗೆ ಇಳಿದು, ಬೆಂಕಿಪೆಟ್ಟಿಗೆಗಿಂತ ತುಸು ಉದ್ದವಾಗಿ ಅಂಗೈಯಲ್ಲಿ ಕೂಡುತ್ತದೆ.

ಎಂಜಿನ್ನನ್ನು ಬಿಟ್ಟು ವ್ಯಾಗನ್ನಿನ ಮಾತೇಕೆ ಎಂದು ವಾಚಕರು ಕೇಳಬಹುದು. ಎಂಜಿನ್ನಿಗೆ ಅಭಿಮಾನಿಗಳ ಕೊರತೆ ಎಂದೂ ಇಲ್ಲ. ಅದಕ್ಕೆ ಹೆಸರುಂಟು, ಸಂಖ್ಯೆಯುಂಟು, ಚರಿತ್ರೆಯುಂಟು. ಮುದಿಯಾದರೆ ವಸ್ತುಸಂಗ್ರಹಾಲಯದ ನೆರಳೂ ಉಂಟು. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದೊಯ್ದವರು ಬಲ್ಲರು, ಹುಡುಗರು ಮೊದಲು ಓಡುವುದು ಎಂಜಿನ್ನಿನ ಕಡೆಗೇ. ಗೂಡ್ಸ್ ಗಾಡಿಯ ವ್ಯಾಗನ್ನಿಗಾದರೋ ಆ ಭಾಗ್ಯವಿಲ್ಲ. ಅದು ದುಡಿಯಿತು, ಮುರಿಯಿತು, ಸುಟ್ಟುಹೋಯಿತು.

ಬ್ರಿಟನ್ನಿನಲ್ಲಿ ಈ ಕಲ್ಲಿದ್ದಲ ವ್ಯಾಗನ್ನುಗಳಿಗೆ ಒಂದು ವೈಶಿಷ್ಟ್ಯವಿತ್ತು. ಅವುಗಳಲ್ಲಿ ಲಕ್ಷಗಟ್ಟಲೆ ಗಾಡಿಗಳು ರೈಲ್ವೆ ಕಂಪೆನಿಗಳ ಸ್ವತ್ತೇ ಆಗಿರಲಿಲ್ಲ. ಗಣಿಯ ಒಡೆಯರು, ಅನಿಲ ಕಾರ್ಖಾನೆಯವರು, ಊರೂರಿನ ಇದ್ದಿಲ ವರ್ತಕರು ಸ್ವಂತ ವ್ಯಾಗನ್ನುಗಳನ್ನು ಇಟ್ಟುಕೊಂಡಿದ್ದರು. ಹಿಂದೆ ಬೆಂಗಳೂರಿನ ಬೀದಿಯ ಮೂಲೆಯಲ್ಲಿದ್ದ ಸೌದೆ ಡಿಪೋದ ಸಾಹುಕಾರ ಒಂದೆರಡು ರೈಲು ವ್ಯಾಗನ್ನುಗಳ ಒಡೆಯನೂ ಆಗಿದ್ದನೆಂದು ಭಾವಿಸಿಕೊಂಡರೆ ಚಿತ್ರ ಸ್ಪಷ್ಟವಾದೀತು. ಒಡೆತನ ಬಂದ ಮೇಲೆ ಹೆಸರು ಬರೆಸುವ ಚಪಲ ಬಾರದೆ ಇರುವುದೇ? ನಮ್ಮ ಲಾರಿಗಳ ಹಣೆಯ ಮೇಲೆ ಕಾಣುವ ಹಾಗೆ, ಏಳು ಹಲಗೆಗಳ ಆ ಬದಿಗೋಡೆಯ ತುಂಬ ದಪ್ಪ ಅಕ್ಷರಗಳಲ್ಲಿ ಒಡೆಯನ ಹೆಸರು, ಊರಿನ ಹೆಸರು, ಅಕ್ಷರಕ್ಕೆ ಬೇರೆ ಬಣ್ಣದ ನೆರಳು. ಕೆಂಪು, ಕಪ್ಪು, ಬೂದು, ಚಾಕೊಲೇಟು, ಹೀಗೆ ಇಡೀ ಗೂಡ್ಸ್ ರೈಲು ಊರ ಜಾತ್ರೆಯ ಅಂಗಡಿಸಾಲಿನಂತೆ ಸಾಗುತ್ತಿತ್ತು.

1939ರಲ್ಲಿ ಮಹಾಯುದ್ಧ ಬಂದಿತು. ಯಾರ ಗಾಡಿ ಎಂಬುದನ್ನು ನೋಡದೆ ಸರಕಾರವು ಎಲ್ಲವನ್ನೂ ಒಂದೇ ಕೊಟ್ಟಿಗೆಗೆ ಸೇರಿಸಿಬಿಟ್ಟಿತು. ಮತ್ತೆ ಬಣ್ಣ ಬಳಿಯುವವರಿಲ್ಲ, ಅಕ್ಷರ ತಿದ್ದುವವರಿಲ್ಲ. ಮುರಿದ ಹಲಗೆಯ ಜಾಗದಲ್ಲಿ ಬಣ್ಣವಿಲ್ಲದ ಹೊಸ ಹಲಗೆ ಕೂತಿತು. ಹೆಸರಿನ ನಡುವೆ ಒಂದು ಬೋಳು ಪಟ್ಟಿ ಬಿದ್ದಿತು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದಾಗ ಇಂಥ ಐದು ಲಕ್ಷಕ್ಕೂ ಮೀರಿದ ವ್ಯಾಗನ್ನುಗಳು ಸರಕಾರದ ಪಾಲಾದವು. ಹಿಂದೆಯೇ ಉಕ್ಕಿನ ಹದಿನಾರು ಟನ್ನಿನ ವ್ಯಾಗನ್ನು ಬಂದಿತು. ಮರದ ಗಾಡಿಗಳು ಸಾವಿರ ಸಾವಿರವಾಗಿ ಗುಜರಿಗೆ ಹೋದವು. ಇಂದು ಬದುಕಿರುವುವು ಬೆರಳೆಣಿಕೆಗೆ ಸಮೀಪ. ಒಂದು ಪುಟ್ಟ ಊರಿನ ವರ್ತಕನ ವ್ಯಾಗನ್ನು ಹೇಗಿತ್ತೆಂದು ಕಣ್ಣಾರೆ ಕಾಣಬೇಕಾದರೆ ಅನೇಕ ಸಲ ಯಾರದೋ ಮನೆಯ ಕಪಾಟಿನಲ್ಲಿರುವ 66 ಮಿಲಿಮೀಟರಿನ ಮಾದರಿಯೇ ಗತಿ.

ಆದುದರಿಂದ ಮಾದರಿ ಮಾಡುವವನ ತಪ್ಪು ಬರಿಯ ತಪ್ಪಾಗಿ ಉಳಿಯುವುದಿಲ್ಲ. ನೋಡಿದವರಿಗೆ ಅದೇ ಚರಿತ್ರೆಯಾಗುತ್ತದೆ. ಇಲ್ಲಿ ಅವನ ಕೈಹಿಡಿಯುವ ಆಧಾರಗಳಲ್ಲಿ ಮುಖ್ಯವಾದುವು ಹಳೆಯ ಛಾಯಾಚಿತ್ರಗಳು. 1860ರಲ್ಲಿ ಆರಂಭವಾದ ಗ್ಲಾಸ್ಟರಿನ ವ್ಯಾಗನ್ ಕಾರ್ಖಾನೆಯು ತಾನು ಮಾಡಿದ ಗಾಡಿಗಳನ್ನು ಹೊಸ ಬಣ್ಣದಲ್ಲಿ ನಿಲ್ಲಿಸಿ ಚಿತ್ರ ತೆಗೆಸುತ್ತಿತ್ತು. ಅಕ್ಷರದ ಆಕಾರ, ಬೋಲ್ಟುಗಳ ಸ್ಥಾನ, ಕಬ್ಬಿಣದ ಪಟ್ಟಿಗಳು ಎಲ್ಲವೂ ಅವುಗಳಲ್ಲಿ ನಿಚ್ಚಳ. ಕಾಣದಿರುವುದು ಒಂದೇ, ಬಣ್ಣ. ಆ ಕಾಲದ ಛಾಯಾಫಲಕಗಳಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಿನ ಹಾಗೆ ಮೂಡುತ್ತಿತ್ತು. ಚಿತ್ರದಲ್ಲಿ ಕಪ್ಪಗಿರುವ ಗಾಡಿ ನಿಜಕ್ಕೂ ಕಪ್ಪೋ, ಕೆಂಪೋ, ಕಂದೋ? ಬರಹದ ದಾಖಲೆ ದೊರೆತರೆ ಸರಿ, ಇಲ್ಲವಾದರೆ ಆ ಊರಿನ ಯಾವನಾದರೊಬ್ಬ ಮುದುಕನ ನೆನಪೇ ಪ್ರಮಾಣ. ಪಾಠಾಂತರಗಳ ನಡುವೆ ಸಿಕ್ಕಿಬಿದ್ದ ಗ್ರಂಥಸಂಪಾದಕರ ಸ್ಥಿತಿಯೂ ಇದಕ್ಕಿಂತ ಉತ್ತಮವೇನಲ್ಲ.

ಕಟ್ಟುವ ಕೆಲಸವಾದರೂ ಮೇಲುನೋಟಕ್ಕೆ ಸುಲಭ. ಹಿಂದೆ ರಟ್ಟು, ತೆಳುಮರದ ಕಡ್ಡಿ, ಹಿತ್ತಾಳೆಯ ತಗಡುಗಳಿಂದ ಎಲ್ಲವನ್ನೂ ಕೈಯಲ್ಲೇ ಕೊಯ್ದು ಮಾಡುತ್ತಿದ್ದರು. ಈಚಿನವರಿಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಎರಡು ಬದಿ, ಎರಡು ತುದಿ, ಒಂದು ನೆಲ, ಕೆಳಗಿನ ಚೌಕಟ್ಟು, ಬ್ರೇಕಿನ ಕಡ್ಡಿಗಳು, ನಾಲ್ಕು ಬಫರು, ಎರಡು ಜೊತೆ ಗಾಲಿ. ಒಂದೊಂದನ್ನೂ ಅಚ್ಚಿನ ಕಡ್ಡಿಯಿಂದ ಬಿಡಿಸಿ, ಅಂಚನ್ನು ಸಣ್ಣ ಅರದಿಂದ ಉಜ್ಜಿ ಕೂಡಿಸಬೇಕು. ಕೂಡಿಸುವುದು ಅಂಟಿನಿಂದಲ್ಲ, ದ್ರಾವಕದಿಂದ. ಕುಂಚದ ತುದಿಯಲ್ಲಿ ಒಂದು ಹನಿ ಮುಟ್ಟಿಸಿದರೆ ಅದು ಸಂದಿಯಲ್ಲಿ ಹರಿದು ಎರಡು ತುಂಡುಗಳನ್ನೂ ಕರಗಿಸಿ ಒಂದಾಗಿಸುತ್ತದೆ. ಹನಿ ಎರಡಾದರೆ ಹಲಗೆಯ ಗೆರೆಗಳೂ ಕರಗುತ್ತವೆ, ಜೊತೆಗೆ ಹಿಡಿದ ಬೆರಳಿನ ಗುರುತು ಶಾಶ್ವತವಾಗಿ ಉಳಿಯುತ್ತದೆ.

ನಿಜವಾದ ಪರೀಕ್ಷೆ ಇರುವುದು ಗಾಲಿಗಳಲ್ಲಿ. ಗಾಡಿಯನ್ನು ಕಿಟಕಿಯ ಗಾಜಿನ ತುಂಡೊಂದರ ಮೇಲಿಟ್ಟು ಮೂಲೆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. "ಟಿಕ್" ಎಂದು ಸದ್ದಾಯಿತೋ, ಮೂರೇ ಗಾಲಿ ನೆಲದಲ್ಲಿದೆ, ನಾಲ್ಕನೆಯದು ಆಕಾಶದಲ್ಲಿದೆ. ಹೋಟೆಲಿನ ಕುಂಟುಮೇಜಿಗೆ ಕಾಗದ ಮಡಿಸಿಟ್ಟು ಪಾರಾಗಬಹುದು. ಓಡುವ ಗಾಡಿಗೆ ಆ ಉಪಾಯ ಸಾಗದು. ನಿಜದ ವ್ಯಾಗನ್ನಿಗೆ ಸ್ಪ್ರಿಂಗುಗಳಿರುವುದರಿಂದ ಹಳಿಯ ಏರುತಗ್ಗನ್ನು ತಾಳಿಕೊಳ್ಳುತ್ತದೆ. ಮಾದರಿಯಲ್ಲಿ ಕೆಲವರು ಒಂದು ಅಚ್ಚನ್ನು ಬಿಗಿಯಾಗಿ ಕೂಡಿಸಿ, ಇನ್ನೊಂದನ್ನು ತಕ್ಕಡಿಯ ದಂಡದಂತೆ ನಡುವಿನಲ್ಲಿ ತೂಗಾಡಲು ಬಿಡುತ್ತಾರೆ. ಗಾಡಿ ಮೂರು ಕಾಲಿನ ಮಣೆಯಂತೆ ಎಲ್ಲಿಟ್ಟರೂ ನಿಲ್ಲುತ್ತದೆ.

ಆಮೇಲೆ ತೂಕದ ಪ್ರಶ್ನೆ. ಉದ್ದ 76ರಲ್ಲಿ ಒಂದು ಪಾಲಾದರೆ ತೂಕ 76ರ ಘನದಷ್ಟು ಇಳಿಯುತ್ತದೆ, ಅಂದರೆ ಸುಮಾರು ನಾಲ್ಕು ಲಕ್ಷ ನಲವತ್ತು ಸಾವಿರದಲ್ಲಿ ಒಂದು ಪಾಲು. ಏಳು ಟನ್ನಿನ ಖಾಲಿ ವ್ಯಾಗನ್ನು ಲೆಕ್ಕಕ್ಕೆ ಸರಿಯಾಗಿ 16 ಗ್ರಾಂ ತೂಗಬೇಕು, ತುಂಬಿದ್ದು 44 ಗ್ರಾಂ. ಆದರೆ ಲೆಕ್ಕಕ್ಕೆ ಸರಿಯಾದ ಗಾಡಿ ಹಳಿಯ ಮೇಲೆ ನಿಲ್ಲುವುದಿಲ್ಲ. ತಿರುವು ಬಂದರೆ ನೆಗೆದು ಬೀಳುತ್ತದೆ. ಅನುಭವಸ್ಥರು ಅಚ್ಚೊಂದಕ್ಕೆ 25 ಗ್ರಾಮಿನಂತೆ 50 ಗ್ರಾಂ ಇರಲಿ ಎನ್ನುತ್ತಾರೆ. ಅಲ್ಲಿಗೆ ಖಾಲಿ ಗಾಡಿ, ತುಂಬಿದ ಗಾಡಿಗಿಂತಲೂ ಭಾರ. ಈ ಸುಳ್ಳನ್ನು ಸೀಸದ ತುಂಡಿನ ರೂಪದಲ್ಲಿ ನೆಲದಡಿ ಬಚ್ಚಿಡುತ್ತಾರೆ. ಸೀಸದ ಗುಂಡುಗಳನ್ನು ಮರಕ್ಕೆ ಹಚ್ಚುವ ಬಿಳಿ ಅಂಟಿನಿಂದ ಕೂಡಿಸಿದವರು ವರ್ಷಗಳ ತರುವಾಯ ಪಶ್ಚಾತ್ತಾಪ ಪಟ್ಟದ್ದುಂಟು. ಅವೆರಡೂ ಸೇರಿ ಮೆಲ್ಲಮೆಲ್ಲನೆ ಉಬ್ಬಿ, ಯಾರೂ ಮುಟ್ಟದ ಗಾಡಿ ಕಪಾಟಿನಲ್ಲಿಯೇ ಬಿರಿದುಕೊಳ್ಳುತ್ತದೆ.

ಇನ್ನು ಬಣ್ಣಗಾರಿಕೆ. ಹೊಸಬರು ಇಲ್ಲಿ ಎಡವುವುದು ಒಂದು ಬಿಳಿ ಗೆರೆಯಲ್ಲಿ. ವ್ಯಾಗನ್ನಿನ ಬದಿಯಲ್ಲಿ ಓರೆಯಾಗಿ ಎಳೆದ ಈ ಗೆರೆ ಅಲಂಕಾರವಲ್ಲ. ಗಾಡಿಯನ್ನು ಬಂದರಿನಲ್ಲಿ ಒಂದು ಕಡೆಗೆ ಎತ್ತಿ ಕಲ್ಲಿದ್ದಲನ್ನು ಸುರಿಯುವಾಗ ಯಾವ ತುದಿಯ ಗೋಡೆ ಬಾಗಿಲಾಗಿ ತೆರೆದುಕೊಳ್ಳುತ್ತದೆ ಎಂಬುದರ ಸೂಚನೆ ಅದು. ಗೆರೆಯ ಮೇಲ್ತುದಿ ಬಾಗಿಲಿನ ಕಡೆಗಿರುತ್ತದೆ. ಹಾಗಾದರೆ ಒಂದು ಬದಿಯಲ್ಲಿ ಬಲಕ್ಕೆ ಏರಿದ ಗೆರೆ ಮತ್ತೊಂದು ಬದಿಯಲ್ಲಿ ಎಡಕ್ಕೆ ಏರಬೇಕಷ್ಟೆ. ಎರಡು ಬದಿಗೂ ಒಂದೇ ಚಿತ್ರವನ್ನು ನೋಡಿ ಒಂದೇ ರೀತಿ ಎಳೆದವನು, ತನಗರಿಯದೆಯೇ ಎರಡೂ ತುದಿಗೆ ಬಾಗಿಲಿಟ್ಟ ಗಾಡಿಯನ್ನು ಸೃಷ್ಟಿಸಿರುತ್ತಾನೆ.

ಗಾಡಿಯ ಒಳಭಾಗಕ್ಕೆ ಬಣ್ಣವಿಲ್ಲ, ಬರಿಯ ಮರ. ಆದರೆ ಬಿಸಿಲು ಮಳೆಗೆ ಸಿಕ್ಕಿದ ಮರ ಕಂದಾಗಿ ಉಳಿಯುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಹಳ್ಳಿಮನೆಯ ಹೆಬ್ಬಾಗಿಲನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಬೂದಿಯ ಮೇಲೆ ಕಲ್ಲಿದ್ದಲ ಮಸಿ, ಬೋಲ್ಟಿನ ಕೆಳಗೆ ತುಕ್ಕಿನ ಒಂದು ನೀರೆಳೆ, ನಡುವೆ ಈಚೆಗೆ ಬದಲಿಸಿದ ಒಂದೇ ಒಂದು ಹೊಸ ಹಲಗೆ. ಇಷ್ಟರಲ್ಲಿ ನಿಲ್ಲಿಸಲು ಬರಬೇಕು. ತುಕ್ಕು ಬಳಿಯುವ ಉತ್ಸಾಹದಲ್ಲಿ ಗಾಡಿಯನ್ನೆಲ್ಲ ಕಿತ್ತಳೆ ಹಣ್ಣಾಗಿಸಿದ ಉದಾಹರಣೆಗಳು ಹೇರಳ. ಒಳಗೆ ತುಂಬುವ ಸರಕಿನಲ್ಲಿ ಮಾತ್ರ ನಟನೆ ಬೇಡ, ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು ಹಾಕುತ್ತಾರೆ.

ಇಷ್ಟೆಲ್ಲ ಅಳೆದು ಸುರಿದು ಮಾಡಿದ ಗಾಡಿಯನ್ನು ಬಹುಪಾಲು ಜನ ಓಡಿಸುವುದು ತಪ್ಪು ಅಳತೆಯ ಹಳಿಯ ಮೇಲೆ ಎಂಬುದು ಈ ಹವ್ಯಾಸದ ದೊಡ್ಡ ವಿಡಂಬನೆ. ಬ್ರಿಟಿಷ್ ಹಳಿಗಳ ನಡುವಿನ ಅಂತರ ನಾಲ್ಕಡಿ ಎಂಟೂವರೆ ಅಂಗುಲ. ನಾಲ್ಕು ಮಿಲಿಮೀಟರ್ ಲೆಕ್ಕಕ್ಕೆ 18.83 ಮಿಲಿಮೀಟರ್ ಆಗಬೇಕು. ಅಂಗಡಿಯ ಹಳಿ ಇರುವುದು 16.5. ಅಂದರೆ ರೈಲು ಏಳಂಗುಲ ಕಿರಿದಾದ ದಾರಿಯಲ್ಲಿ ಸಾಗುತ್ತದೆ. ಯುರೋಪಿನವರು ಒಂದಡಿಗೆ ಮೂರೂವರೆ ಮಿಲಿಮೀಟರ್ ಹಿಡಿದು ಮಾಡಿದ ಹಳಿ ಅದು. ಬ್ರಿಟನ್ನಿನ ಎಂಜಿನ್ನುಗಳ ಮೈ ಸಣ್ಣದು. ಆ ಅಳತೆಗೆ ಇಳಿಸಿದರೆ ಅಂದಿನ ವಿದ್ಯುತ್ ಮೋಟಾರು ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಮೈಯನ್ನು ಹಿಗ್ಗಿಸಿದರು, ಹಳಿಯನ್ನು ಹಾಗೆಯೇ ಬಿಟ್ಟರು. ಮೋಟಾರು ಚಿಕ್ಕದಾದ ಮೇಲೂ ಪದ್ಧತಿ ನಿಂತುಬಿಟ್ಟಿತು. ಇದನ್ನು ಸಹಿಸದವರು 18 ಮಿಲಿಮೀಟರಿನ ಹಳಿ ಹಾಕಿದರು; 1960ರ ದಶಕದಲ್ಲಿ ಇನ್ನೂ ನಿಷ್ಠುರರಾದವರು 18.83ಕ್ಕೇ ಪಟ್ಟು ಹಿಡಿದರು. ಹಾಗೆ ಹಿಡಿದವರ ಗಾಡಿ ನೆರೆಮನೆಯ ಗೆಳೆಯನ ಹಳಿಯ ಮೇಲೆ ಓಡದು. ಸತ್ಯಕ್ಕೆ ತೆರುವ ಬೆಲೆ ಇಲ್ಲಿ ಭಾನುವಾರದ ಸಂಜೆಗಳಲ್ಲಿ ಸಂದಾಯವಾಗುತ್ತದೆ. ಭಾರತದ ಹವ್ಯಾಸಿಗಳಿಗೂ ಈ ಕಾಟ ತಪ್ಪಿದ್ದಲ್ಲ. ಐದೂವರೆ ಅಡಿಯ ನಮ್ಮ ಬ್ರಾಡ್ ಗೇಜು ಮೂರೂವರೆ ಮಿಲಿಮೀಟರ್ ಲೆಕ್ಕದಲ್ಲಿಯೂ 19 ಮಿಲಿಮೀಟರ್ ದಾಟುತ್ತದೆ. ಕೊಳ್ಳಲು ದೊರೆಯುವುದು ಅದೇ 16.5.

ಇಷ್ಟು ಶ್ರಮ ಯಾತಕ್ಕೆ ಎಂಬುದಕ್ಕೆ ಒಬ್ಬ ವ್ಯಕ್ತಿಯ ಬಾಳನ್ನು ನೆನೆಯಬಹುದು. ರಾಯ್ ಇಂಗ್ಲೆಂಡ್ ಎಂಬಾತ ಆಸ್ಟ್ರೇಲಿಯದ ಪರ್ತ್ ಕಡೆಯವರು. ಹೆಸರಿನಲ್ಲಿಯೇ ಇಂಗ್ಲೆಂಡನ್ನು ಹೊತ್ತಿದ್ದ ಈ ತರುಣರು 1925ರಲ್ಲಿ ಆ ದೇಶಕ್ಕೆ ಬಂದು, ಗ್ರೇಟ್ ವೆಸ್ಟರ್ನ್ ರೈಲ್ವೆಯನ್ನೂ ಅದರ ಪಕ್ಕದ ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳನ್ನೂ ಮನಸಾರೆ ಮೆಚ್ಚಿದರು. ಮೆಚ್ಚಿದ್ದೆಲ್ಲ ಕಣ್ಣೆದುರೇ ಬದಲಾಗತೊಡಗಿತ್ತು. ಹುಲ್ಲುಮಾಡಿನ ಮನೆಗಳು ಒಂದೊಂದಾಗಿ ರೂಪುಗೆಡುತ್ತಿದ್ದವು. ತಡೆಯುವ ಶಕ್ತಿ ಅವರಿಗಿರಲಿಲ್ಲ, ಅಳೆಯುವ ಶಕ್ತಿಯಿತ್ತು. ಅಡಿಗೆ ನಾಲ್ಕು ಮಿಲಿಮೀಟರಿನಂತೆ ಮನೆ, ತೋಟ, ಬೇಲಿ, ರೈಲುಗಳನ್ನು ಮಾಡುತ್ತ ಹೋದರು. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ವಸ್ತುಸಂಗ್ರಹಾಲಯ ಆರಂಭವಾಯಿತು. ಸ್ವಯಂಸೇವಕರು ಒಂದೊಂದು ಮನೆಗೆ ತಿಂಗಳುಗಟ್ಟಲೆ ವ್ಯಯಿಸಿ 1930ರ ಸುಮಾರಿನ ಆ ಕಣಿವೆಯನ್ನು ಕಟ್ಟಿದರು. 1995ರಲ್ಲಿ ರಾಯ್ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. 1961ರಲ್ಲಿ ತೀರಿಕೊಂಡ ಜಾನ್ ಅಹರ್ನರ ಮ್ಯಾಡರ್ ವ್ಯಾಲಿ ಎಂಬ ಪ್ರಸಿದ್ಧ ಕಲ್ಪಿತ ರೈಲುಮಾರ್ಗಕ್ಕೂ ಅಲ್ಲಿಯೇ ಆಶ್ರಯ ದೊರೆಯಿತು. ಒಬ್ಬರು ಇದ್ದುದನ್ನು ಇದ್ದಂತೆ ಮಾಡಿದವರು, ಮತ್ತೊಬ್ಬರು ಇಲ್ಲದ ಊರನ್ನು ಕಟ್ಟಿದವರು. ಇಬ್ಬರೂ ಒಂದೇ ಸೂರಿನ ಕೆಳಗೆ.

ವ್ಯಾಗನ್ನಿಗೆ ಬಣ್ಣವೆಲ್ಲ ಮುಗಿದ ಮೇಲೆ ಉಳಿಯುವುದು ಸಣ್ಣ ಬರಹ. ಬಲಗಡೆಯ ಕೆಳಗೆ ಖಾಲಿ ಗಾಡಿಯ ತೂಕವನ್ನು ಟನ್, ಹಂಡ್ರೆಡ್‌ವೇಟ್, ಕ್ವಾರ್ಟರುಗಳಲ್ಲಿ ಬರೆಯಬೇಕು; ನಾಲ್ಕಂಗುಲದ ಅಂಕಿ ಮಾದರಿಯಲ್ಲಿ ಒಂದೂಕಾಲು ಮಿಲಿಮೀಟರ್ ಚಿಲ್ಲರೆ. ಈಗ ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಅಕ್ಷರಗಳು ದೊರೆಯುತ್ತವೆ. ದೊರೆಯದ ಹೆಸರುಗಳನ್ನು ನಾಲ್ಕಾರು ಕೂದಲಿನ ಕುಂಚದಿಂದ, ಉಸಿರು ಬಿಗಿಹಿಡಿದು ಬರೆಯುವವರು ಇನ್ನೂ ಇದ್ದಾರೆ. ಇನ್ನೊಂದು ಮೂಲೆಯಲ್ಲಿ ಅದಕ್ಕಿಂತ ಚಿಕ್ಕದಾಗಿ ಒಂದು ಸಾಲು ಉಂಟು. ಖಾಲಿಯಾದೊಡನೆ ಈ ಗಾಡಿಯನ್ನು ಇಂಥ ಗಣಿಗೆ ಹಿಂದಿರುಗಿಸತಕ್ಕದ್ದು ಎಂಬ ಅಪ್ಪಣೆ ಅದು. ಬ್ರಿಟನ್ನಿನ ಆಳಗಣಿಗಳಲ್ಲಿ ಕೊನೆಯದಾದ ಕೆಲ್ಲಿಂಗ್ಲಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಆ ಸಾಲನ್ನು ಮಾತ್ರ ಯಾರೂ ಬಿಡುವುದಿಲ್ಲ. ಭೂತಗನ್ನಡಿಯ ಕೆಳಗೆ, ಗಣಿಯ ಹೆಸರಿನ ಒಂದಕ್ಷರವೂ ತಪ್ಪದಂತೆ ಬರೆಯುತ್ತಾರೆ.