ಕಳೆಯ ಕಷಾಯಕ್ಕೂ ಅಳತೆ ಬೇಕು

ಹೊಸದುರ್ಗದ ಸುತ್ತಮುತ್ತ ಮುಂಗಾರಿನ ಒಂದೆರಡು ಹದ ಮಳೆ ಬಿದ್ದರೆ ಸಾಕು, ರಾಗಿಗಿಂತ ಮೊದಲು ತಲೆಯೆತ್ತುವುದು ಪಾರ್ಥೇನಿಯಂ. ಬೇಲಿಗಳಲ್ಲಿ ಲಂಟಾನ, ಹಳ್ಳದ ದಂಡೆಗಳಲ್ಲಿ ಬಳ್ಳಾರಿ ಜಾಲಿ. ಮೂರೂ ಅಮೆರಿಕ ಖಂಡಗಳಿಂದ ಬಂದು ಇಲ್ಲಿ ಬೇರೂರಿದವು. ಇಂಥ ಗಿಡಗಳ ಸೊಪ್ಪನ್ನೇ ಕೊಳೆಯಿಸಿ ಬೆಳೆಗೆ ಸಿಂಪಡಿಸಿದರೆ ಕೀಟವೂ ಹೋಗುತ್ತದೆ, ಕಳೆಯೂ ತಗ್ಗುತ್ತದೆ ಎಂಬ ಸಲಹೆ ಈಗ ದಾಳಿಂಬೆ, ತೆಂಗು ಬೆಳೆಗಾರರನ್ನು ಆಕರ್ಷಿಸುತ್ತಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ವಿಚಾರವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅದರ ಹೊಣೆಯನ್ನೆಲ್ಲ ರೈತನ ಮೇಲೆಯೇ ಹೊರಿಸಿ ಕೈತೊಳೆದುಕೊಳ್ಳುವುದನ್ನು ಒಪ್ಪಲಾರೆ.

ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು, ಕಾಂಗ್ರೆಸ್ ಹುಲ್ಲು ಎಂಬ ಹೆಸರು ಪಡೆದು ನಾಡನ್ನೆಲ್ಲ ವ್ಯಾಪಿಸಿತು. ಒಂದು ಗಿಡ 15 ಸಾವಿರಕ್ಕೂ ಮಿಗಿಲಾದ ಬೀಜಗಳನ್ನು ಉದುರಿಸಬಲ್ಲದು. 1980ರ ದಶಕದಲ್ಲಿ ಮೆಕ್ಸಿಕೊದ ಜೀರುಂಡೆಯನ್ನು ಬೆಂಗಳೂರಿಗೆ ತರಿಸಿ ಬಿಟ್ಟರೂ ಕಳೆ ಅಳಿಯಲಿಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ನಾನೂ ಪಾರ್ಥೇನಿಯಂ ನಿರ್ಮೂಲನಾ ಸಪ್ತಾಹಗಳಲ್ಲಿ ಪಾಲ್ಗೊಂಡಿದ್ದೇನೆ. ಛಾಯಾಚಿತ್ರಕ್ಕಾಗಿ ನಾಲ್ಕು ಗಿಡ ಕಿತ್ತು ಮರಳುತ್ತಿದ್ದೆವು. ಮುಂದಿನ ವರ್ಷ ಅದೇ ಜಾಗದಲ್ಲಿ ಅವು ಎದೆಯೆತ್ತರ ನಿಂತಿರುತ್ತಿದ್ದವು. ಕಿತ್ತವನಿಗೆ ಏನೂ ದಕ್ಕದ ಕೆಲಸ ಸಪ್ತಾಹದ ಆಚೆಗೆ ನಡೆಯುವುದಿಲ್ಲ. ಕಳೆಗೊಂದು ಉಪಯೋಗ ಕಲ್ಪಿಸುವುದು ಆರ್ಥಿಕವಾಗಿಯೂ ವಿವೇಕದ ದಾರಿ.

ಈ ವಿಚಾರಕ್ಕೆ ಆಧಾರವೂ ಇದೆ. ಸಂಗ್ರಹಿಸಿಟ್ಟ ಆಲೂಗಡ್ಡೆಯ ಮೇಲೆ ಲಂಟಾನ ಸೊಪ್ಪನ್ನು ಹರಡಿದರೆ ಗೆಡ್ಡೆ ಕೊರೆಯುವ ಪತಂಗದ ಹಾವಳಿ ಗಣನೀಯವಾಗಿ ಕುಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಬೇವು, ಹೊಂಗೆ, ಲಕ್ಕಿ, ಎಕ್ಕ, ಸೀತಾಫಲಗಳ ಎಲೆಯನ್ನು ಗಂಜಳದೊಡನೆ ಕೊಳೆಯಿಸುವ ದಶಪರ್ಣಿ ಕಷಾಯಕ್ಕೆ ಲಂಟಾನವನ್ನು ಸೇರಿಸುವ ರೂಢಿ ಸಾವಯವ ಕೃಷಿಕರಲ್ಲಿದೆ. ಎಂಡೋಸಲ್ಫಾನ್ ಕಾಸರಗೋಡು ಮತ್ತು ದಕ್ಷಿಣ ಕನ್ನಡದಲ್ಲಿ ಮಾಡಿದ ಅನಾಹುತವನ್ನು ಕಂಡ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವವರೆಗೆ ಕಾದ ಜನ ಬೇರೆ ದಾರಿ ಅರಸುವುದು ಸಹಜವೇ.

ಆದರೆ ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಅಪಾಯಕಾರಿ. ಹೊಗೆಸೊಪ್ಪಿನ ನಿಕೋಟಿನ್ ಕೂಡ ಸಸ್ಯಜನ್ಯವೇ. ಅದು ಘೋರ ವಿಷ. ಲಂಟಾನ ತಿಂದ ದನಕರುಗಳ ಯಕೃತ್ತು ಕೆಡುತ್ತದೆ. ಪಾರ್ಥೇನಿಯಂನ ಸಂಪರ್ಕದಿಂದ ಅನೇಕರಿಗೆ ತೀವ್ರ ಚರ್ಮರೋಗ ಬರುತ್ತದೆ, ಅದರ ಪರಾಗ ಉಬ್ಬಸವನ್ನು ಕೆರಳಿಸುತ್ತದೆ. ಅಂಗಡಿಯಲ್ಲಿ ಮಾರುವ ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಸೂಚಿಸುವ ಬಣ್ಣದ ಗುರುತಾದರೂ ಇರುತ್ತದೆ. ಮನೆಯ ಡ್ರಮ್ಮಿನಲ್ಲಿ ಕೊಳೆಯುವ ಕಷಾಯಕ್ಕೆ ಅದೂ ಇಲ್ಲ.

ಇನ್ನು ಖರ್ಚಿನ ಮಾತು. ಸೊಪ್ಪು ಪುಕ್ಕಟೆ, ಆದ್ದರಿಂದ ಕಷಾಯವೂ ಪುಕ್ಕಟೆ ಎನ್ನುವವರು ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೊಪ್ಪು ಕೊಯ್ದು, ಹೊತ್ತು, ಜಜ್ಜಿ, ಸೋಸುವ ಕೆಲಸ ಬಹುಪಾಲು ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಅವರ ಕೂಲಿಯೂ ಲೆಕ್ಕದಲ್ಲಿಲ್ಲ, ಅವರ ಕೈಯ ತುರಿಕಜ್ಜಿಯೂ ಇಲ್ಲ.

ಕಷಾಯಕ್ಕೆ ಮಿತಿಯೂ ಉಂಟು. ಗಿಡಹೇನಿನಂಥ ಮೆತ್ತನೆಯ ಕೀಟಗಳ ಮೇಲೆ ಅದು ಕೆಲಸ ಮಾಡೀತು. ದಾಳಿಂಬೆ ತೋಟಗಳನ್ನು ನೆಲಕಚ್ಚಿಸಿದ ಅಂಗಮಾರಿಯಾದರೋ ದುಂಡಾಣುವಿನಿಂದ ಬರುವ ರೋಗ, ಕೀಟದ ಬಾಧೆಯಲ್ಲ. ಎರಡಕ್ಕೂ ಒಂದೇ ಕಷಾಯವೆಂದು ನಂಬಿ ಕುಳಿತ ಬೆಳೆಗಾರ ಸಾಲದಲ್ಲಿ ಮುಳುಗುತ್ತಾನೆ.

ಹಾಗಾದರೆ ಏನು ಮಾಡಬೇಕು? 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಪೀಡೆ ಬಂದಾಗ ವಿಜ್ಞಾನಿಗಳು ಬೇವಿನೆಣ್ಣೆ ಮತ್ತು ಬೆಳ್ಳುಳ್ಳಿಯ ಮಿಶ್ರಣವನ್ನು ಶೇ 2ರ ಪ್ರಮಾಣವೆಂದು ಅಳತೆ ಗೊತ್ತುಮಾಡಿ ಶಿಫಾರಸು ಮಾಡಿದರು. ಸಸ್ಯಜನ್ಯ ಔಷಧಿಗೆ ಅದೇ ಸರಿಯಾದ ಮಾದರಿ. ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ; ಹೊಸದುರ್ಗಕ್ಕೆ ಅದು ದೂರವಲ್ಲ. ಯಾವ ಕಳೆ, ಯಾವ ಕೀಟಕ್ಕೆ, ಎಷ್ಟು ನೀರಿಗೆ ಎಷ್ಟು ಸೊಪ್ಪು, ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಲು, ಜೇನುನೊಣಕ್ಕೆ ಹಾನಿಯುಂಟೇ ಎಂಬುದನ್ನು ಇಲ್ಲಿನ ರೈತರ ಹೊಲಗಳಲ್ಲಿಯೇ ಪರೀಕ್ಷಿಸಿ ಕನ್ನಡದಲ್ಲಿ ಒಂದು ಪುಟದ ಸೂಚನೆ ಹೊರಡಿಸಬೇಕು. ಗಿಡವನ್ನು ಹೂ ಬಿಡುವ ಮುನ್ನವೇ ಕೊಯ್ಯಬೇಕು, ಕೈಗವಸು ಮತ್ತು ಮುಖಗವಸು ಧರಿಸಬೇಕು ಎಂಬ ಎರಡು ನಿಯಮಗಳು ಅದರಲ್ಲಿ ಎಲ್ಲಕ್ಕಿಂತ ಮೇಲಿರಲಿ. ಹೂ ಬಿಟ್ಟ ಮೇಲೆ ಕೊಯ್ದು ಸಾಗಿಸಿದರೆ ಬೀಜವನ್ನು ನಾವೇ ಹರಡಿದಂತೆ. ಕಷಾಯಕ್ಕೆಂದು ಕಳೆಯನ್ನು ಉಳಿಸಿಕೊಳ್ಳುವ ಆಸೆಗೂ ಎಡೆಗೊಡಬಾರದು.

ರೈತರು ಯಾರ ಅಪ್ಪಣೆಗೂ ಕಾಯದೆ ಈ ಪ್ರಯೋಗಕ್ಕೆ ಕೈಹಾಕಿದ್ದಾರೆ. ಅದರ ಫಲಾಫಲವನ್ನು ಅಳೆದು ತಿಳಿಸುವ ಕೆಲಸವನ್ನಾದರೂ ಸರ್ಕಾರ ಮಾಡಬೇಡವೇ?