ವೆನಿಸ್‌ಗೆ ಅರ್ಧ ದಿನ ಸಾಕಾ?

ನಮ್ಮ ಕಡೆಯಿಂದ ಹೊರಡೋ ಯುರೋಪ್ ಪ್ಯಾಕೇಜ್ ಟೂರುಗಳ ಪಟ್ಟಿ ಒಮ್ಮೆ ನೋಡಿ. ಹತ್ತು-ಹನ್ನೆರಡು ದಿನ, ಆರೇಳು ದೇಶ. ಅದರಲ್ಲಿ ವೆನಿಸ್‌ಗೆ ಸಿಗೋದು ಬಹಳಷ್ಟು ಸಲ ಅರ್ಧ ದಿನ. ಬೆಳಿಗ್ಗೆ ಬಸ್ಸಿಂದ ಇಳಿದು ದೋಣಿ ಹತ್ತೋದು, ಸ್ಯಾನ್ ಮಾರ್ಕೊ ಚೌಕದಲ್ಲಿ ಫೋಟೋ, ಗಾಜು ಊದಿ ತೋರಿಸೋ ಅಂಗಡಿಯಲ್ಲಿ ಅರ್ಧ ಗಂಟೆ, ದುಡ್ಡಿದ್ದವರಿಗೆ ಗೊಂಡೋಲಾ, ಸಂಜೆಯೊಳಗೆ ಮತ್ತೆ ಬಸ್ಸು. ರಾತ್ರಿ ನಿದ್ದೆ ಬೇರೆ ಊರಲ್ಲಿ. ಮನೆಗೆ ಬಂದಮೇಲೆ "ವೆನಿಸ್ ನೋಡಿದ್ವಿ" ಅಂತೀವಿ. ನಿಜವಾಗ್ಲೂ ನೋಡಿದ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಅಪ್ಪ-ಅಮ್ಮನ್ನ ಕರ್ಕೊಂಡು ಇಂಥ ಊರಿಗೆ ಹೋಗೋದಾದ್ರೆ ಎರಡು ರಾತ್ರಿಯಾದ್ರೂ ಉಳೀಬೇಕು. ಅಷ್ಟು ಆಗಲ್ಲ ಅಂದ್ರೆ ಆ ಊರನ್ನ ಪಟ್ಟಿಯಿಂದ ತೆಗೆದುಬಿಡೋದೇ ವಾಸಿ. ಅರ್ಧ ದಿನದ ಭೇಟಿಯಿಂದ ನಮಗೂ ಏನೂ ಸಿಗಲ್ಲ, ಊರಿಗೂ ಒಳ್ಳೇದಾಗಲ್ಲ.

ಮೊದಲು ಊರಿನ ಕಥೆ. 1951ರಲ್ಲಿ ವೆನಿಸ್‌ನ ಹಳೇ ದ್ವೀಪನಗರದಲ್ಲಿ ಸುಮಾರು 1,75,000 ಜನ ವಾಸ ಇದ್ರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳೀತು. ರಿಯಾಲ್ಟೊ ಸೇತುವೆ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಲ್ಲಿ ಒಂದು ಡಿಜಿಟಲ್ ಬೋರ್ಡ್ ಹಾಕಿದ್ರು, ಊರಲ್ಲಿ ಇನ್ನೂ ಎಷ್ಟು ಜನ ಉಳಿದಿದ್ದಾರೆ ಅಂತ ತೋರಿಸೋಕೆ. ಕ್ರಿಕೆಟ್ ಸ್ಕೋರ್ ಬೋರ್ಡ್ ಥರ, ಆದ್ರೆ ರನ್ನು ಇಳೀತಾನೇ ಹೋಗುತ್ತೆ. 2023ರಲ್ಲಿ ಪ್ರವಾಸಿಗರಿಗಾಗಿ ಇರೋ ಹಾಸಿಗೆಗಳ ಲೆಕ್ಕ ಅಲ್ಲಿನ ನಿವಾಸಿಗಳ ಲೆಕ್ಕವನ್ನೇ ದಾಟಿತು. ಬಾಡಿಗೆದಾರರಿಗೆ ಕೊಡೋ ಬದಲು ಪ್ರವಾಸಿಗರಿಗೆ ಕೊಟ್ರೆ ಮನೆ ಮಾಲೀಕನಿಗೆ ಲಾಭ. ಸಂಸಾರಗಳು ಖಾಲಿ ಮಾಡಿ ಮೇಸ್ತ್ರೆ ಕಡೆಗೆ, ಅಂದ್ರೆ ಸೇತುವೆ ಆಚೆಯ ದಡಕ್ಕೆ ಹೋಗ್ತವೆ. ದಿನಸಿ ಅಂಗಡಿ ಇದ್ದ ಜಾಗದಲ್ಲಿ ಮುಖವಾಡ ಮಾರೋ ಅಂಗಡಿ ಬರುತ್ತೆ.

ಇದಕ್ಕೆ ಅಲ್ಲಿನ ನಗರಸಭೆ ಹುಡುಕಿದ ಒಂದು ದಾರಿ ಪ್ರವೇಶ ಶುಲ್ಕ. 2024ರ ಏಪ್ರಿಲ್ 25ರಿಂದ ಶುರು ಮಾಡಿದ್ರು. ಆ ವರ್ಷ ಗೊತ್ತು ಮಾಡಿದ 29 ದಿನ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರೊಳಗೆ ಬಂದು ಅವತ್ತೇ ವಾಪಸ್ ಹೋಗೋರಿಗೆ 5 ಯುರೋ. 2025ರಲ್ಲಿ ದಿನಗಳು 54 ಆದವು, ಕೊನೇ ಗಳಿಗೆಯಲ್ಲಿ ಬರೋರಿಗೆ 10 ಯುರೋ ಆಯ್ತು. ರಾತ್ರಿ ಉಳಿಯೋರಿಗೆ ಈ ಶುಲ್ಕ ಇಲ್ಲ. ನಾನು ಮ್ಯೂನಿಕ್‌ನಲ್ಲಿ ಕೆಲಸ ಮಾಡ್ತೀನಿ, ನಾವು ಹೋದದ್ದು 2024ರ ಮೇ ತಿಂಗಳ ಒಂದು ಶನಿವಾರ. ರೈಲಿಳಿದು ಈಚೆ ಬಂದಾಗ ತಪಾಸಣೆ ಮಾಡ್ತಿದ್ದ ಹುಡುಗಿಗೆ ನನ್ನ ಮೊಬೈಲಿನ ಕೋಡ್ ತೋರಿಸ್ತಿದ್ದೆ. ಅಪ್ಪ ಕೇಳಿದ್ರು, "ಏನೋ ಇದು, ಊರಿಗೂ ಟಿಕೆಟ್ಟಾ? ಮೃಗಾಲಯಕ್ಕೆ ಇಟ್ಟ ಹಾಗೆ?"

ಅಪ್ಪನ ಆ ಮಾತಿನಲ್ಲೇ ಎಲ್ಲಾ ಇದೆ ಅನ್ನಿಸ್ತು. ಶುಲ್ಕ ಇಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆ ಊರಿನ ಕಸ ಹೊರೋದು ಕೈಗಾಡಿ ಮತ್ತು ದೋಣಿಯಲ್ಲಿ, ಅದಕ್ಕೆ ಖರ್ಚು ಇದ್ದೇ ಇರುತ್ತೆ. ಆದ್ರೆ ಸಾವಿರಾರು ಯುರೋ ಖರ್ಚು ಮಾಡಿ ಬಂದವನು ಐದು ಯುರೋ ಉಳಿಸೋಕೆ ವೆನಿಸ್ ಬಿಟ್ಟು ಹೋಗ್ತಾನಾ? ಟಿಕೆಟ್ ಕೊಂಡವನಿಗೆ ಇದು ಬರೀ ನೋಡೋ ಜಾಗ ಅನ್ನೋ ಭಾವನೆ ಇನ್ನೂ ಗಟ್ಟಿಯಾಗುತ್ತೆ, ಅಷ್ಟೆ. ಬದಲಾಗಬೇಕಾಗಿರೋದು ನಾವು ಹೋಗೋ ರೀತಿ.

ಈಗ ನಮಗೇನು ಸಿಗುತ್ತೆ ಅನ್ನೋದು. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ನಮ್ಮಮ್ಮನಿಗೆ ಮಂಡಿ ನೋವು. ಗೈಡ್ ಎತ್ತಿ ಹಿಡಿದ ಬಾವುಟದ ಹಿಂದೆ ಓಡಬೇಕಾಗಿದ್ರೆ ಎರಡನೇ ಸೇತುವೆಗೇ ಅಮ್ಮ ಕೂತುಬಿಡ್ತಿದ್ರು. ನಾವು ಮಧ್ಯಾಹ್ನ ಜನಜಾತ್ರೆ ಇರೋ ಹೊತ್ತಲ್ಲಿ ರೂಮಲ್ಲಿ ಮಲಗಿ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಸುತ್ತಿದ್ವಿ. ಬೆಳಿಗ್ಗೆ ರಿಯಾಲ್ಟೊ ಸಂತೆಯಲ್ಲಿ ಮೀನಿನ ಕಡೆ ಮೂಗು ಮುಚ್ಕೊಂಡ ಅಮ್ಮ ಪಕ್ಕದ ತರಕಾರಿ ಸಾಲಲ್ಲಿ ಅರ್ಧ ಗಂಟೆ ನಿಂತ್ರು. ಭಾಷೆ ಬರದಿದ್ರೂ ಬದನೆಕಾಯಿ ಒತ್ತಿ ನೋಡೋದನ್ನ ಬಿಡಲಿಲ್ಲ :)

ಸಂಜೆ ಆರರ ಮೇಲೆ ಬಸ್ಸಿನ ಗುಂಪುಗಳೆಲ್ಲ ಹೊರಟು ಹೋದಾಗ ಬೇರೆಯೇ ಊರು ಹೊರಗೆ ಬರುತ್ತೆ. ಸ್ಯಾನ್ ಜಾಕೊಮೊ ದಲ್ಲೋರಿಯೊ ಅನ್ನೋ ಚೌಕದಲ್ಲಿ ಮರದ ಕೆಳಗೆ ಬೆಂಚುಗಳಿವೆ. ಹುಡುಗರು ಚರ್ಚಿನ ಗೋಡೆಗೆ ಚೆಂಡು ಒದೀತಿದ್ರು, ಅಜ್ಜಿಯರು ಹರಟೆ ಹೊಡೀತಿದ್ರು. ಚೌಕದ ನಡುವೆ ಕಲ್ಲಿನ ಕಟ್ಟೆಯಿರೋ ಬಾವಿ. ಅಪ್ಪನಿಗೆ ಆಶ್ಚರ್ಯ: ಸುತ್ತ ಉಪ್ಪು ನೀರು, ಇಲ್ಲಿ ಬಾವಿ ತೋಡಿದ್ರೆ ಸಿಹಿನೀರು ಹೇಗೆ ಬರುತ್ತೆ?

ಬರಲ್ಲ. ಅದು ನೆಲದ ನೀರಲ್ಲ, ಮಳೆ ನೀರು. ಚೌಕದ ಕೆಳಗೆ ದೊಡ್ಡ ಗುಂಡಿ ತೋಡಿ, ಉಪ್ಪು ನೀರು ನುಗ್ಗದ ಹಾಗೆ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿಸಿ, ನಡುವೆ ಇಟ್ಟಿಗೆಯ ಬಾವಿ ಕಟ್ಟಿದ್ದಾರೆ. ಚಪ್ಪಡಿಯಲ್ಲಿರೋ ತೂತುಗಳಿಂದ ಇಳಿದ ಮಳೆ ನೀರು ಮರಳಲ್ಲಿ ಸೋಸಿ ನಡುವಿನ ಬಾವಿಗೆ ಬರುತ್ತೆ. 1884ರಲ್ಲಿ ನಲ್ಲಿ ನೀರು ಬರೋ ತನಕ ಊರು ಬದುಕಿದ್ದು ಬಹುಪಾಲು ಇಂಥ ಸಾವಿರಾರು ಬಾವಿಗಳ ಮೇಲೆ. ಮಳೆಕೊಯ್ಲು ಅಂತ ನಾವು ಬೆಂಗಳೂರಲ್ಲಿ ಈಗ ಒದ್ದಾಡ್ತಿರೋದನ್ನ ಅವರು ಶತಮಾನಗಳ ಹಿಂದೆ ಊರಿನ ನಕ್ಷೆಯಲ್ಲೇ ಸೇರಿಸಿಬಿಟ್ಟಿದ್ರು. ಇಂಜಿನಿಯರಿಂಗ್ ಓದಿದ ನನಗೆ ಇದಕ್ಕಿಂತ ದೊಡ್ಡ ಸ್ಮಾರಕ ಆ ಊರಲ್ಲಿ ಕಾಣಲಿಲ್ಲ. ಅರ್ಧ ದಿನದವರು ಆ ಕಟ್ಟೆ ಮೇಲೆ ನೀರಿನ ಬಾಟಲಿ ಇಟ್ಟು ಮುಂದೆ ಹೋಗ್ತಾರೆ.

ಅಪ್ಪ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವರು. ಆ ಬೆಂಚಿನ ಮೇಲೆ ಕೂತೇ ಅವರಿಗೆ ನೆನಪಾಗಿದ್ದು ನಿಕೊಲೊ ಕೊಂಟಿ. ವಿಜಯನಗರಕ್ಕೆ ಬಂದಿದ್ದ ವಿದೇಶಿ ಯಾತ್ರಿಕರು ಅಂತ ಉರು ಹೊಡೀತಿದ್ವಲ್ಲ, ಅವನೇ. ಹುಟ್ಟಿದ್ದು ಇದೇ ಲಗೂನಿನ ದಕ್ಷಿಣ ತುದಿಯ ಕ್ಯೋಜಾದಲ್ಲಿ. ಸುಮಾರು 1420ರಲ್ಲಿ ವಿಜಯನಗರ ನೋಡಿದ. ಅಲ್ಲಿನ ಹಬ್ಬಗಳು, ದೀಪಗಳು ಅವನ ವೃತ್ತಾಂತದಲ್ಲಿವೆ. ಅವನದೂ ಒಂಥರಾ ಫ್ಯಾಮಿಲಿ ಟ್ರಿಪ್ಪೇ. ಹೆಂಡತಿ ಮಕ್ಕಳ ಜೊತೆ ವಾಪಸ್ ಬರುವಾಗ ಈಜಿಪ್ಟಿನಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳು ಪಿಡುಗಿಗೆ ಸತ್ತರು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಅಲೆಕ್ಸಾಂಡ್ರಿಯಾದ ಮೂಲಕ ಇದೇ ರಿಯಾಲ್ಟೊಗೆ ಬಂದು ಈ ಅರಮನೆಗಳನ್ನ ಕಟ್ಟಿಸಿತ್ತು ಅಂತ ಅಪ್ಪ ಹೇಳ್ತಾ ಇದ್ರೆ ನನ್ನ ಹೆಂಡತಿ ಬಾಯಿ ಬಿಟ್ಕೊಂಡು ಕೇಳ್ತಿದ್ಲು. ಬಸ್ಸಿಗೆ ಲೇಟಾಯ್ತು ಅನ್ನೋ ಅವಸರದಲ್ಲಿ ಈ ಪಾಠ ನಡೀತಿರಲಿಲ್ಲ.

ಕೊಂಟಿ ನೋಡಿದ ನಮ್ಮೂರಿನ ಗತಿ ಏನು? ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ವೆನಿಸ್ 1987ರಲ್ಲಿ. ನಾವು ಅಲ್ಲಿಗೂ ಹೊಸಪೇಟೆಯಿಂದ ಹೋಗಿ, ಕಲ್ಲಿನ ರಥದ ಮುಂದೆ ನಿಂತು, ಸಂಜೆಗೆ ವಾಪಸ್. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ-ಅಂಗಡಿಗಳನ್ನ 2011ರಲ್ಲಿ ತೆಗೆಸಿದ್ರು. ಕಂಬಗಳಿಗೆ ಧಕ್ಕೆಯಾಗ್ತಿತ್ತು ಅನ್ನೋದೂ ನಿಜ. ಆದ್ರೆ ಜನ ಇಲ್ಲದ ಬಜಾರು ಬಜಾರಾ? ವೆನಿಸ್‌ನಲ್ಲಿ ಬಾಡಿಗೆ ಮಾಡ್ತಿರೋ ಕೆಲಸವನ್ನ ಇಲ್ಲಿ ಬುಲ್ಡೋಜರ್ ಮಾಡಿತು.

"ಮತ್ತೆ ಮತ್ತೆ ಬರೋಕಾಗುತ್ತಾ? ಬಂದಾಗ ಎಲ್ಲಾ ನೋಡ್ಬೇಕು" ಅನ್ನೋರ ಮಾತು ನನಗೆ ಅರ್ಥ ಆಗುತ್ತೆ. ವೀಸಾ, ರಜೆ, ಅಪ್ಪ-ಅಮ್ಮನ ವಯಸ್ಸು, ಯಾವುದೂ ಸುಲಭ ಅಲ್ಲ. ವೆನಿಸ್‌ನಲ್ಲಿ ರೂಮು ದುಬಾರಿ ಅನ್ನೋದೂ ಸತ್ಯ, ದೋಣಿ ಬಸ್ಸಿಗೇ ಒಬ್ಬರಿಗೆ 9.50 ಯುರೋ. ಆದ್ರೆ ಆರು ಊರಿನ ಬದಲು ಮೂರು ಊರು ಅಂತಿಟ್ಕೊಂಡ್ರೆ ಬಸ್ಸು-ರೈಲಿನ ದುಡ್ಡೇ ರೂಮಿಗೆ ಬರುತ್ತೆ. ಇಡೀ ಫ್ಲ್ಯಾಟ್ ಹಿಡಿಯೋದಕ್ಕಿಂತ ಸಣ್ಣ ಹೋಟೆಲ್ಲಿನಲ್ಲಿ ಉಳಿದ್ರೆ ಒಂದು ಸಂಸಾರದ ಮನೆ ಅವರಿಗೇ ಉಳಿಯುತ್ತೆ. ಹಣ್ಣು, ಬ್ರೆಡ್ಡು ಓಣಿಯ ಅಂಗಡಿಯಲ್ಲೇ ತಗೊಂಡ್ರೆ ಆ ಅಂಗಡಿ ಇನ್ನೊಂದು ವರ್ಷ ಬಾಗಿಲು ತೆಗೆಯುತ್ತೆ.

ನಿಮ್ಮಲ್ಲಿ ಅಪ್ಪ-ಅಮ್ಮನ್ನ ಕರ್ಕೊಂಡು ಹೊರಗೆ ಹೋದವರು ತುಂಬಾ ಜನ ಇದ್ದೀರಿ. ವಾಪಸ್ ಬಂದಮೇಲೆ ಅವರು ಪದೇಪದೇ ಹೇಳೋದು ಯಾವ ಊರಿನ ಸುದ್ದಿ, ಅಲ್ಲಿ ಎಷ್ಟು ದಿನ ಇದ್ರಿ? ನೆನಪು ಮಾಡ್ಕೊಂಡು ಹೇಳಿ. ನನ್ನ ಲೆಕ್ಕ ಸರಿಯಾ ಅಂತ ನೋಡ್ಬೇಕು.