ಯಾವ ತಂಡದ ಆಲ್ಬಂ ಮೇಲು?

ರಸಪುರಿ ಮಾವು ಮೇಲೋ, ಬಾದಾಮಿ ಮೇಲೋ? ಮಕ್ಕಳೇ, ಊಟದ ಹೊತ್ತಿಗೆ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಕೈ ಒಣಗಿದರೂ ಮಾತು ಮುಗಿಯುವುದಿಲ್ಲ. ರಾಕ್ ಸಂಗೀತದ ಅಭಿಮಾನಿಗಳಲ್ಲೂ ಇಂಥದೇ ಒಂದು ವಾದವಿದೆ. ಬೀಟಲ್ಸ್, ಲೆಡ್ ಜೆಪ್ಪೆಲಿನ್, ಪಿಂಕ್ ಫ್ಲಾಯ್ಡ್, ಕ್ವೀನ್ ಇವು ನಾಲ್ಕೂ ಇಂಗ್ಲೆಂಡಿನ ಹಳೆಯ ತಂಡಗಳು. ಇವರಲ್ಲಿ ಅತ್ಯುತ್ತಮ ಆಲ್ಬಂಗಳನ್ನು ಮಾಡಿದವರು ಯಾರು? ಈ ವಾರ ನಾವೂ ಆ ಪಂಚಾಯಿತಿಗೆ ಕೂರೋಣ.

ಮೊದಲು ಆಲ್ಬಂ ಎಂದರೇನು ಎಂದು ತಿಳಿಯೋಣ. ಹಳೆಯ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿನಲ್ಲಿ ಮೂರು-ನಾಲ್ಕು ನಿಮಿಷದ ಹಾಡಿಗಷ್ಟೇ ಜಾಗ. ಹಲವು ತಟ್ಟೆಗಳನ್ನು ಸೇರಿಸಿ, ಫೋಟೋ ಆಲ್ಬಮ್ಮಿನಂಥ ದಪ್ಪ ಪುಸ್ತಕದಲ್ಲಿಟ್ಟು ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಧಾನವಾಗಿ ತಿರುಗುವ ಎಲ್‌ಪಿ ತಟ್ಟೆಯನ್ನು ತಂದಿತು. ಅದರ ಒಂದು ಮಗ್ಗುಲಿನಲ್ಲೇ ಸುಮಾರು 20 ನಿಮಿಷದ ಸಂಗೀತ ಹಿಡಿಸಿತು. ಪುಸ್ತಕ ಹೋಯಿತು, ಹೆಸರು ಉಳಿಯಿತು.

ಎರಡೂ ಮಗ್ಗುಲು ಸೇರಿ ಸುಮಾರು 40 ನಿಮಿಷ. ಯಾವ ಹಾಡು ಮೊದಲು, ತಟ್ಟೆ ಮಗುಚುವ ಮುನ್ನ ಯಾವುದು, ಕೊನೆಗೆ ಯಾವುದು ಎಂದು ಕಲಾವಿದರು ಯೋಚಿಸಲೇಬೇಕಾಯಿತು. ಬಾಳೆಲೆಯ ಊಟವೂ ಹಾಗೇ ಅಲ್ಲವೇ? ಹೋಳಿಗೆಯೊಂದು ಚೆನ್ನಾಗಿದ್ದ ಮಾತ್ರಕ್ಕೆ ಇಡೀ ಊಟ ಚೆನ್ನಾಗಿತ್ತು ಎನ್ನಲಾಗದು. ಒಳ್ಳೆಯ ಹಾಡು ಬೇರೆ, ಒಳ್ಳೆಯ ಆಲ್ಬಂ ಬೇರೆ. ಈಗ ವಾದ ಶುರುವಾಗಲಿ.

ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆತನದವರು. ಹುಟ್ಟಿದ್ದು ಜಾಂಜಿಬಾರ್ ದ್ವೀಪದಲ್ಲಿ, ಶಾಲೆಗೆ ಹೋದದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. 1975ರ ‘ಎ ನೈಟ್ ಅಟ್ ದಿ ಆಪೆರಾ’ದಲ್ಲಿ ‘ಬೊಹೀಮಿಯನ್ ರಾಪ್ಸಡಿ’ ಎಂಬ ಸುಮಾರು ಆರು ನಿಮಿಷದ ಹಾಡಿದೆ. ಮೂವರೇ ಗಾಯಕರು ತಮ್ಮ ದನಿಯ ಮೇಲೆ ದನಿಯನ್ನು ಮತ್ತೆ ಮತ್ತೆ ಮುದ್ರಿಸಿ ದೊಡ್ಡ ಮೇಳವೇ ಹಾಡಿದಂತೆ ಮಾಡಿದರು. ಅದ್ಭುತವೇ ಸರಿ. ಆದರೆ ಕ್ವೀನ್ ಪರ ವಾದಿಸುವವರು ಹೆಚ್ಚಾಗಿ ಆ ಹೋಳಿಗೆಯನ್ನೇ ತೋರಿಸುತ್ತಾರೆ!

ಲೆಡ್ ಜೆಪ್ಪೆಲಿನ್‌ನವರ ಬಲ ನಾದದಲ್ಲಿದೆ. 1971ರ ಅವರ ನಾಲ್ಕನೆಯ ಆಲ್ಬಮ್ಮಿನ ಹೊದಿಕೆಯ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಸೌದೆ ಹೊರೆ ಹೊತ್ತ ಮುದುಕನ ಚಿತ್ರವಷ್ಟೇ! ಅದರ ಕೊನೆಯ ಹಾಡಿಗಾಗಿ ಜಾನ್ ಬೋನಮ್ ಅವರ ಡ್ರಮ್ಮುಗಳನ್ನು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಎತ್ತರದ ಹಜಾರದಲ್ಲಿಟ್ಟರು. ಮೇಲಿನ ಮೆಟ್ಟಿಲುಗಳ ಬಳಿಯಿಂದ ಮೈಕು ಇಳಿಬಿಟ್ಟರು. ಆ ಮನೆಯ ಮಾರ್ದನಿಯೂ ಹಾಡಿನೊಳಗೆ ಸೇರಿಕೊಂಡಿತು.

ಇನ್ನು ಪಿಂಕ್ ಫ್ಲಾಯ್ಡ್. 1973ರ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಬರುವುದು ಕಾಲ, ಹಣ, ಸಾವು, ಮನಸ್ಸಿನ ತಳಮಳ. ಹಣದ ಹಾಡಿನ ಮೊದಲಲ್ಲಿ ಚಿಲ್ಲರೆಯ ಝಣಝಣ ಕೇಳುತ್ತದೆ. ಅಜ್ಜಿ, ನೀವು ತೊಡೆ ತಟ್ಟಿ ಎಣಿಸಿ. ಅದು ಏಳೆಣಿಕೆಯ ಲಯ! ಮಿಶ್ರಛಾಪು ಕಲಿತ ಕೈಗೆ ಏಳರ ಲೆಕ್ಕ ಹೊಸದಲ್ಲ. ಮಕ್ಕಳೇ, ನಿಮಗೂ ಒಂದು ಕೆಲಸ: ಹೊದಿಕೆಯ ಮೇಲಿನ ಪ್ರಿಸಮ್ಮಿನಿಂದ ಹೊರಬರುವ ಬಣ್ಣಗಳನ್ನು ಎಣಿಸಿ. ಪಾಠದಲ್ಲಿ ಏಳು, ಇಲ್ಲಿ ಆರೇ. ಈ ಆಲ್ಬಂ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಇತ್ತು. ಆದರೂ ಹೆಚ್ಚು ಮಾರಾಟವಾದದ್ದೇ ಮೇಲು ಎಂದಾದರೆ ಚರ್ಚೆ ಯಾಕೆ, ಅಂಗಡಿಯ ಲೆಕ್ಕದ ಪುಸ್ತಕ ಸಾಕಲ್ಲ!

ಬೀಟಲ್ಸ್ ಲಿವರ್‌ಪೂಲಿನ ನಾಲ್ವರು ಹುಡುಗರು. 1963ರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 10ನ್ನು ಒಂದೇ ದಿನದಲ್ಲಿ ಮುದ್ರಿಸಿದರು. 1965ರ ‘ರಬ್ಬರ್ ಸೋಲ್’ನಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದರು. ಮರುವರ್ಷ ಪಂಡಿತ ರವಿಶಂಕರರ ಬಳಿ ಪಾಠಕ್ಕೆ ಕೂತರು. ಅದೇ ವರ್ಷ ತಂಡ ಊರೂರು ತಿರುಗಿ ಕಛೇರಿ ಕೊಡುವುದನ್ನು ನಿಲ್ಲಿಸಿ ಸ್ಟುಡಿಯೋ ಸೇರಿತು. 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿಗೆ ನಾಲ್ಕು ತಿಂಗಳಿಗೂ ಹೆಚ್ಚು ದುಡಿದರು. ಅದರ ಒಂದು ಹಾಡಿನಲ್ಲಿ ತಬಲಾ, ತಂಬೂರ, ದಿಲ್ರುಬಾ ಕೇಳಿಸುತ್ತವೆ. ಒಂದು ದಿನದ ಕೆಲಸದಿಂದ ಇಲ್ಲಿಗೆ ಬರಲು ಹಿಡಿದದ್ದು ನಾಲ್ಕೇ ವರ್ಷ. 1970ರಲ್ಲಿ ತಂಡವೇ ಮುಗಿಯಿತು. ಆ ವರ್ಷ ಬಂದ ‘ಲೆಟ್ ಇಟ್ ಬಿ’ ಹಿಂದಿನವುಗಳಷ್ಟು ಗಟ್ಟಿಯಲ್ಲ ಎಂಬುದು ಎದುರಾಳಿಗಳ ಮಾತು. ಅದರಲ್ಲಿ ಹುರುಳಿದೆ.

ಹಾಗಾದರೆ ತೀರ್ಪು? ನನ್ನದು ಹೇಳಿಬಿಡುತ್ತೇನೆ. ಒಂದೇ ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ತೂಗಿದರೆ ಪಿಂಕ್ ಫ್ಲಾಯ್ಡ್. ಆದರೆ ನಮ್ಮ ಪ್ರಶ್ನೆ ‘ಆಲ್ಬಂಗಳು’ ಎಂದು ಕೇಳುತ್ತದೆ. ಸಾಲಾಗಿ ಜೋಡಿಸಿ ನೋಡಿದರೆ ಬೀಟಲ್ಸ್‌ಗೇ ನನ್ನ ಮತ. ಜನ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಮಾಡುವುದು ಸುಲಭ. ಅವರು ಗೆದ್ದ ದಾರಿಯನ್ನು ಬಿಟ್ಟು ಹೊಸ ದಾರಿ ಹಿಡಿಯುತ್ತಾ ಹೋದರು.

ನೋಡಿದಿರಾ, ಅಳತೆಗೋಲು ಬದಲಾದರೆ ಗೆದ್ದವರೂ ಬದಲಾದರು. ಅರ್ಧ ಜಗಳಗಳ ಗುಟ್ಟು ಇದೇ. ಒಬ್ಬರು ಸೇರಿನಲ್ಲಿ ಅಳೆದರೆ ಇನ್ನೊಬ್ಬರು ಮೊಳದಲ್ಲಿ ಅಳೆಯುತ್ತಾರೆ, ಆಮೇಲೆ ಲೆಕ್ಕ ತಪ್ಪಿತೆಂದು ಇಬ್ಬರೂ ಕೂಗಾಡುತ್ತಾರೆ. ವಾದಕ್ಕೆ ಇಳಿಯುವ ಮುನ್ನ ಯಾವ ಅಳತೆ ಎಂದು ಗೊತ್ತುಮಾಡಿಕೊಳ್ಳಿ. ಎದುರಿನವರ ಮಾತಿನಲ್ಲಿ ಒಳ್ಳೆಯದೇನಿದೆ ಎಂದು ಮೊದಲು ನೀವೇ ಹೇಳಿ, ಆಮೇಲೆ ನಿಮ್ಮದನ್ನು ಹೇಳಿ.

ಇನ್ನೊಂದು ಮಾತು. ಪೂರ್ತಿ ಕೇಳದೆ ತೀರ್ಪು ಕೊಡಬಾರದು. ಈಗ ಮೊಬೈಲಿನಲ್ಲಿ ಒಂದು ಹಾಡು ಅರ್ಧ ಕೇಳಿ ಮುಂದಿನದಕ್ಕೆ ಹಾರುತ್ತೇವೆ. ಹಾಗೆ ಹಾರಿದರೆ ಹಾಡುಗಳನ್ನು ಸಾಲಾಗಿ ಹೆಣೆದವರು ಹೇಳಹೊರಟದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಈ ಭಾನುವಾರ ಒಂದು ಒಪ್ಪಂದ ಮಾಡಿಕೊಳ್ಳಿ. ಮೊಮ್ಮಕ್ಕಳು ಆರಿಸಿದ ಒಂದು ಆಲ್ಬಂ, ಅಜ್ಜ-ಅಜ್ಜಿ ಆರಿಸಿದ ಒಂದು ಭಾವಗೀತೆಯ ಕ್ಯಾಸೆಟ್ಟು, ಎರಡನ್ನೂ ಇಬ್ಬರೂ ಪೂರ್ತಿ ಕೇಳಬೇಕು. ನಡುವೆ ಹಾರಿಸುವಂತಿಲ್ಲ, ‘ಇದೆಂಥ ಗದ್ದಲ’ ಎನ್ನುವಂತಿಲ್ಲ. ಆಮೇಲೆ ವಾದ ಶುರುಮಾಡಿ. ಕುರುಕಲು ತಿಂಡಿ ಮಾತ್ರ ಮೊದಲೇ ಸಿದ್ಧವಿರಲಿ, ಪಂಚಾಯಿತಿ ಬೇಗ ಮುಗಿಯುವುದಿಲ್ಲ!